ಹಾಡು ಊರೆಲ್ಲಾ ಸುತ್ತಿತು, ಹೆಸರು ಮನೆಯಲ್ಲೇ ಉಳಿಯಿತು

ಹೋದ ವರ್ಷ ಮದುವೆ ಸೀಸನ್ ಜೋರಾಗಿದ್ದಾಗ ಹರಿಹರದ ಕಡೆಯ ಹುಡುಗನೊಬ್ಬ ನಮ್ಮ ಸ್ಟುಡಿಯೋಗೆ ಬಂದ. ಕೈಯಲ್ಲಿ ಒಂದು ಪೆನ್‌ಡ್ರೈವ್. "ಅಣ್ಣಾ, ನಮ್ಮ ಅಕ್ಕನ ಮದುವೆ ಐತ್ರಿ. ಈ ಹಾಡು ನಾನೇ ಹಾಡಬೇಕು ಅಂತ ಆಸೆ. ದನಿ ತೆಗೆದು ಬರೀ ಮ್ಯೂಸಿಕ್ ಮಾಡಿಕೊಡ್ರಿ" ಅಂದ.

ಪೆನ್‌ಡ್ರೈವ್ ಹಾಕಿ ನೋಡಿದೆ. ಫೈಲಿನ ಹೆಸರು "ನ್ಯೂ ಜಾನಪದ ಸೂಪರ್ ಮಿಕ್ಸ್ 04". ಹಾಡು ಶುರುವಾಗುವ ಮುಂಚೆಯೇ ಯಾರೋ ಡಿಜೆ ತನ್ನ ಹೆಸರನ್ನು ಎರಡು ಸಲ ಕೂಗಿದ್ದಾನೆ. ಮೇಲೆ ಹೊಸ ಬೀಟ್ ಹೊದಿಸಿದ್ದಾನೆ, ವೇಗವನ್ನೂ ಸ್ವಲ್ಪ ಜಾಸ್ತಿ ಮಾಡಿದ್ದಾನೆ. ನಾಲ್ಕು ಸಾಲು ಕೇಳುವಷ್ಟರಲ್ಲಿ ನನಗೆ ಅನುಮಾನ ಬಂತು. ಎರಡನೇ ಚರಣ ಮುಗಿದು ಕೊಳಲು ನಿಲ್ಲುವ ಜಾಗದಲ್ಲಿ, ಎಡಗಡೆ ಸ್ಪೀಕರಿನಲ್ಲಿ, ಸಣ್ಣದಾಗಿ ಒಂದು ಕುಕ್ಕರ್ ಕೂಗಿತು. ಅದು ನಮ್ಮ ಸ್ಟುಡಿಯೋ ಪಕ್ಕದ ಮನೆಯ ಕುಕ್ಕರ್.

ಹಳೇ ದಾವಣಗೆರೆಯ ಒಂದು ಓಣಿಯಲ್ಲಿ 18 ವರ್ಷದಿಂದ ಈ ಸ್ಟುಡಿಯೋ ನಡೆಸುತ್ತಿದ್ದೇನೆ. ಗೋಡೆಗೆಲ್ಲ ಹತ್ತಿಯ ಗಾದಿ ಹೊಡೆಸಿದ್ದೇನೆ. ಹತ್ತಿ ಗಿರಣಿಗಳಿಗೆ ಹೆಸರಾಗಿದ್ದ ಊರಲ್ವಾ, ಗಾದಿ ತುಂಬುವವರಿಗೇನೂ ಬರವಿಲ್ಲ. ಆದರೂ ಬೆಳಗಿನ ಹೊತ್ತು ಪಕ್ಕದ ಮನೆಯ ಸದ್ದು ಒಳಗೆ ನುಸುಳುತ್ತದೆ. ಈ ಹಾಡು ನಮ್ಮಲ್ಲಿ ರೆಕಾರ್ಡ್ ಆದಾಗ ಆ ಕೊಳಲಿನ ತುಣುಕು ಎಷ್ಟು ಚೆನ್ನಾಗಿ ಬಂದಿತ್ತೆಂದರೆ, ಕುಕ್ಕರಿನ ಸದ್ದಿಗಾಗಿ ಅದನ್ನು ಬಿಟ್ಟು ಇನ್ನೊಂದು ಸಲ ನುಡಿಸಲು ಯಾರಿಗೂ ಮನಸ್ಸಾಗಲಿಲ್ಲ. ಹಾಗೇ ಉಳಿಸಿಕೊಂಡೆವು.

"ಇದು ಯಾರ ಹಾಡು ಗೊತ್ತೇನಪ್ಪಾ?" ಅಂತ ಕೇಳಿದೆ.

"ಯಾರದ್ದೋ ಏನೋ ಅಣ್ಣಾ. ಫೋನಿನಾಗೆ ಇತ್ತು."

ಅವನದೇನೂ ತಪ್ಪಿಲ್ಲ. ಆದರೆ "ಫೋನಿನಾಗೆ ಇತ್ತು" ಅನ್ನುವ ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಆ ಹಾಡು ಮಾಡಿದವರು ನಮ್ಮೂರಿನ ಏಳು ಜನರ ತಂಡ. ಹಾಡು ಬರೆದವರು ಪ್ರೈಮರಿ ಶಾಲೆಯ ಮೇಷ್ಟ್ರು. ರಾಗ ಹಾಕಿದವನು ಹಗಲಲ್ಲಿ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುತ್ತಾನೆ. ಕೆಲಸ ಮುಗಿಸಿ, ಸ್ನಾನ ಮಾಡಿ, ರಾತ್ರಿ ಎಂಟರ ಮೇಲೆ ಬಂದು ಕೂರುತ್ತಿದ್ದರು. ಕೊಳಲಿನವರು ಮಾತ್ರ ಹೊರಗಿನವರು, ಬೆಳಗಿನ ಹೊತ್ತಷ್ಟೇ ಬಿಡುವಿದ್ದವರು. ಒಟ್ಟು ಇಪ್ಪತ್ತು ಗಂಟೆ ಹಿಡಿಯಿತು. ನನ್ನಲ್ಲಿ ಗಂಟೆಗೆ 500 ರೂಪಾಯಿ. ಸ್ಟುಡಿಯೋಗೆ 10,000, ಕೊಳಲಿನವರಿಗೆ 2,500, ಮಿಕ್ಸಿಂಗ್ ಮತ್ತು ಮಾಸ್ಟರಿಂಗ್‌ಗೆ 4,000, ಕವರ್ ಚಿತ್ರಕ್ಕೆ 1,000. ಎಲ್ಲ ಸೇರಿ 17,500 ರೂಪಾಯಿ. ಇದೇ ತಂಡ ಗಣೇಶನ ಹಬ್ಬದಲ್ಲಿ ಒಂದು ಕಾರ್ಯಕ್ರಮ ಕೊಟ್ಟರೆ 25,000 ಬರುತ್ತದೆ. ಟೆಂಪೋ ಬಾಡಿಗೆ 4,000 ಕಳೆದರೆ ತಲೆಗೆ ಮೂರು ಸಾವಿರ. ಅಂದರೆ ಒಂದು ಹಾಡು ಮಾಡಲು ಹೆಚ್ಚುಕಮ್ಮಿ ಒಂದು ಇಡೀ ರಾತ್ರಿಯ ದುಡಿಮೆಯನ್ನು ಏಳೂ ಜನ ಬಿಟ್ಟುಕೊಡಬೇಕು.

ಬಿಟ್ಟಿ ಡೌನ್‌ಲೋಡ್ ಅಂದ ಕೂಡಲೇ ಎಲ್ಲರೂ ದುಡ್ಡಿನ ನಷ್ಟದ ಮಾತಾಡುತ್ತಾರೆ. ದುಡ್ಡಿನ ನಷ್ಟ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಚಿಕ್ಕ ತಂಡಗಳ ಜೊತೆ ಕೂತು ನಾನು ಕಂಡದ್ದು ಬೇರೆ. ಅವರಿಂದ ಮೊದಲು ಹೋಗುವುದು ದುಡ್ಡಲ್ಲ, ಹೆಸರು. ಹೆಸರು ಹೋದ ಮೇಲೆ ದುಡ್ಡು ಬರುವ ದಾರಿಯೂ ಮುಚ್ಚುತ್ತದೆ.

ನಮ್ಮೂರಲ್ಲಿ ಹಾಡು ಪುಕ್ಕಟೆ ಓಡಾಡುವುದು ಇವತ್ತಿನದಲ್ಲ. ಕ್ಯಾಸೆಟ್ ಕಾಲದಲ್ಲಿ ಚೀಟಿಯಲ್ಲಿ ಹಾಡುಗಳ ಪಟ್ಟಿ ಬರೆದುಕೊಟ್ಟರೆ ಖಾಲಿ ಕ್ಯಾಸೆಟ್‌ಗೆ ತುಂಬಿಸಿ ಕೊಡುತ್ತಿದ್ದರು. ಆಮೇಲೆ ಎಂಪಿ3 ಸಿಡಿ ಬಂತು. 700 ಎಂಬಿಯ ಒಂದೇ ಸಿಡಿಯಲ್ಲಿ ನೂರೈವತ್ತು ಹಾಡು. 2010ರ ಆಸುಪಾಸಿನಲ್ಲಿ ಮೊಬೈಲ್ ಅಂಗಡಿಗಳ ಮುಂದೆ "ಹಾಡುಗಳನ್ನು ಡೌನ್‌ಲೋಡ್ ಮಾಡಿಕೊಡಲಾಗುವುದು" ಅನ್ನುವ ಬೋರ್ಡ್ ನೋಡಿದ ನೆನಪು ನಿಮಗೂ ಇರಬಹುದು. ಮೆಮೊರಿ ಕಾರ್ಡ್ ಕೊಟ್ಟು, ಪಕ್ಕದ ಅಂಗಡಿಯಲ್ಲಿ ಚಹಾ ಕುಡಿದು ಬರುವಷ್ಟರಲ್ಲಿ ಕಾರ್ಡ್ ತುಂಬಿರುತ್ತಿತ್ತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ಅಗ್ಗವಾದ ಮೇಲೆ ಆ ಬೋರ್ಡುಗಳೂ ಕಾಣೆಯಾದವು. ಈಗ ಪ್ರತಿಯೊಬ್ಬರ ಕೈಯಲ್ಲೂ ಆ ಅಂಗಡಿ ಇದೆ.

ಹಾಡು ಕೈ ಬದಲಾಯಿಸುವಾಗ ಹೆಸರು ಹೇಗೆ ಉದುರಿ ಹೋಗುತ್ತದೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎಂಪಿ3 ಫೈಲಿನ ಒಳಗೆ ಹಾಡಿನ ಜೊತೆಗೇ ಒಂದು ಪುಟ್ಟ ಚೀಟಿ ಇರುತ್ತದೆ. ನಾವು ಅದಕ್ಕೆ ಟ್ಯಾಗ್ ಅನ್ನುತ್ತೇವೆ. ಹಾಡಿನ ಹೆಸರು, ಹಾಡಿದವರು, ವರ್ಷ, ಕವರ್ ಚಿತ್ರ ಎಲ್ಲ ಅದರಲ್ಲಿ ಬರೆಯಬಹುದು. ಯೂಟ್ಯೂಬಿನಿಂದ ಯಾವುದೋ ಸೈಟ್ ಹಿಡಿದು ಹಾಡು ಇಳಿಸಿಕೊಂಡರೆ ಈ ಚೀಟಿ ಬರುವುದಿಲ್ಲ, ಬರೀ ಸದ್ದು ಬರುತ್ತದೆ. ವಾಟ್ಸಾಪಿನಲ್ಲಿ ಆಡಿಯೋ ಆಗಿ ಬಂದರೆ ಫೈಲಿನ ಹೆಸರೂ ಹೋಗುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ತೆರೆದು ನೋಡಿ. "ಎಯುಡಿ" ಅಂತ ಶುರುವಾಗಿ, ತಾರೀಕಿನ ಅಂಕಿಗಳು, ಕೊನೆಗೆ "ಡಬ್ಲ್ಯೂಎ" ಮತ್ತು ಒಂದು ನಂಬರ್. ಮೇಷ್ಟ್ರು ಬರೆದ ಹಾಡು ಅಲ್ಲಿಗೆ ಒಂದು ನಂಬರ್ ಆಗುತ್ತದೆ.

ಸದ್ದಿಗೂ ಪೆಟ್ಟು ಬೀಳುತ್ತದೆ. ಸ್ಟುಡಿಯೋದಲ್ಲಿ ನಾವು ಕೊಡುವ, ಕುಗ್ಗಿಸದ ಡಬ್ಲ್ಯೂಎವಿ ಫೈಲ್ ನಿಮಿಷಕ್ಕೆ ಸುಮಾರು 10 ಎಂಬಿ. 128 ಕೆಬಿಪಿಎಸ್‌ನ ಎಂಪಿ3 ಆದರೆ ನಿಮಿಷಕ್ಕೆ 1 ಎಂಬಿ. ಕಿವಿಗೆ ಅಷ್ಟಾಗಿ ತಿಳಿಯದ್ದನ್ನು ಬಿಟ್ಟು ಉಳಿದದ್ದನ್ನು ಇಟ್ಟುಕೊಳ್ಳುವ ಜಾಣ ಲೆಕ್ಕ ಅದು, ಜರ್ಮನಿಯ ಎಂಜಿನಿಯರುಗಳ ಕೆಲಸ. ಒಂದು ಸಲ ಮಾಡಿದರೆ ದೊಡ್ಡ ತೊಂದರೆ ಇಲ್ಲ. ಆದರೆ ಅದನ್ನೇ ಮತ್ತೆ ಮತ್ತೆ ಕುಗ್ಗಿಸಿ, ಮೇಲೆ ಬೀಟ್ ಸೇರಿಸಿ, ಮತ್ತೆ ಕುಗ್ಗಿಸಿದರೆ ತಾಳದ ಝಣಕು ನೀರಿನಲ್ಲಿ ಅದ್ದಿದಂತೆ ಕೇಳುತ್ತದೆ. ಆ ಹುಡುಗ ತಂದ ಫೈಲಿನಲ್ಲಿ ತಾಳ ಹಾಗೇ ಆಗಿತ್ತು. ಕುಕ್ಕರ್ ಮಾತ್ರ ಉಳಿದಿತ್ತು.

ಸಿನಿಮಾ ಹಾಡಿಗೆ ಇದರಿಂದ ಅಷ್ಟು ಅಪಾಯವಿಲ್ಲ. ಹೆಸರು ಕಳೆದರೂ ಹಾಡು ಕೇಳಿದ ತಕ್ಷಣ ಜನಕ್ಕೆ ಹೀರೋ ಯಾರು ಅಂತ ಗೊತ್ತು. ಕಂಪನಿಗೆ ಟಿವಿ, ಎಫ್‌ಎಂ, ಚಿತ್ರಮಂದಿರ ಅಂತ ನಾಲ್ಕು ಕಡೆಯಿಂದ ಹಣ ಬರುತ್ತದೆ. ನಮ್ಮ ತಂಡಗಳಿಗೆ ಇರುವುದು ಒಂದೇ ದಾರಿ, ಕಾರ್ಯಕ್ರಮ. ಜಾತ್ರೆ, ರಾಜ್ಯೋತ್ಸವ, ಕಾಲೇಜು ಹಬ್ಬ, ಗಣೇಶನ ಪೆಂಡಾಲು. ಯಾರೋ ಹಾಡು ಕೇಳಿ, "ಇವರು ಯಾರಪ್ಪಾ, ನಮ್ಮೂರಿಗೂ ಕರೆಸೋಣ" ಅನ್ನಬೇಕು. ಯಾರು ಅನ್ನುವ ಪ್ರಶ್ನೆಗೆ ಉತ್ತರವೇ ಇಲ್ಲದಿದ್ದರೆ ಫೋನ್ ಹೋಗುವುದು ಡಿಜೆಗೆ. ಅವನ ಹೆಸರಾದರೂ ಹಾಡಿನ ಶುರುವಿನಲ್ಲಿ ಇದೆಯಲ್ಲ.

ಹಾಡನ್ನು ಇಳಿಸಿಕೊಳ್ಳದೆ ನೆಟ್ಟಿನಲ್ಲೇ ಕೇಳುವ ಸ್ಟ್ರೀಮಿಂಗ್ ಬಂತು, ಇನ್ನು ಚಿಂತೆ ಇಲ್ಲ ಅಂತ ಕೆಲವರು ಹೇಳುತ್ತಾರೆ. ಸ್ಪಾಟಿಫೈ 2019ರ ಫೆಬ್ರವರಿಯಲ್ಲಿ ಭಾರತಕ್ಕೆ ಬಂತು. ಅದರ 2024ರ ನಿಯಮದ ಪ್ರಕಾರ, ಹಿಂದಿನ 12 ತಿಂಗಳಲ್ಲಿ ಸಾವಿರ ಸಲವಾದರೂ ಕೇಳಿಸಿಕೊಳ್ಳದ ಹಾಡಿಗೆ ರೆಕಾರ್ಡಿಂಗ್ ರಾಯಲ್ಟಿ ಇಲ್ಲ. ಯೂಟ್ಯೂಬಿನಲ್ಲಿ ಜಾಹೀರಾತಿನ ಹಣ ಬರಬೇಕಾದರೆ 1,000 ಚಂದಾದಾರರು, ಜೊತೆಗೆ ವರ್ಷದಲ್ಲಿ 4,000 ಗಂಟೆ ವೀಕ್ಷಣೆ ಅಥವಾ 90 ದಿನದಲ್ಲಿ ಒಂದು ಕೋಟಿ ಶಾರ್ಟ್ಸ್ ವೀಕ್ಷಣೆ ಬೇಕು. ದಾಟಿದ ಮೇಲೂ ಪೈಸೆ ಲೆಕ್ಕವೇ. ನನ್ನಲ್ಲಿ ರೆಕಾರ್ಡ್ ಮಾಡಿದ ಹೆಚ್ಚಿನ ತಂಡಗಳಿಗೆ ಒಂದು ವರ್ಷ ಸ್ಟ್ರೀಮಿಂಗ್‌ನಿಂದ ಬಂದದ್ದು ಒಂದು ರಾತ್ರಿಯ ಟೆಂಪೋ ಬಾಡಿಗೆಗೆ ಸಾಲಲಿಲ್ಲ.

ಹಾಗಾದರೆ ಬಿಟ್ಟಿ ಕೊಡಲೇಬಾರದಾ? ನಾನು ಹಾಗೆ ಹೇಳುವುದಿಲ್ಲ. ಇಂಗ್ಲೆಂಡಿನ ರೇಡಿಯೋಹೆಡ್ ತಂಡ 2007ರಲ್ಲಿ ತನ್ನ ಆಲ್ಬಮ್ಮನ್ನು "ನಿಮಗೆ ತೋಚಿದಷ್ಟು ಕೊಡಿ, ಕೊಡದಿದ್ದರೂ ಇಳಿಸಿಕೊಳ್ಳಿ" ಅಂತ ಬಿಟ್ಟಿತು. ಅದನ್ನು ಉದಾಹರಣೆ ಕೊಡುವವರು ಒಂದು ವಿಷಯ ಮರೆಯುತ್ತಾರೆ. ಆ ಹೊತ್ತಿಗೆ ಆ ತಂಡದ ಹೆಸರು ಲೋಕಕ್ಕೆಲ್ಲ ಗೊತ್ತಿತ್ತು. ಹೆಸರು ಗಟ್ಟಿ ಇದ್ದವರು ಹಾಡನ್ನು ಬಿಟ್ಟುಕೊಟ್ಟರೆ ಹೆಸರು ಕಳೆಯುವುದಿಲ್ಲ. ನಮ್ಮವರು ಹೆಸರನ್ನು ಮೊದಲು ಕಟ್ಟಬೇಕು. ಹಾಗಾಗಿ ಕೊಟ್ಟರೆ ತಾವೇ ಕೊಡಬೇಕು, ಹೆಸರಿನ ಸಮೇತ ಕೊಡಬೇಕು.

ಚಿತ್ರದುರ್ಗದ ಒಂದು ತತ್ವಪದದ ತಂಡ ಹೀಗೇ ಮಾಡಿತು. ಹಾಡಿನ ಕೊನೆಗೆ ಐದು ಸೆಕೆಂಡ್ ತಂಬೂರಿ ಹಾಗೇ ನುಡಿಯುತ್ತಿರುತ್ತದೆ. ಅದರ ಮೇಲೆ ಗಾಯಕರೇ ನಿಧಾನವಾಗಿ ತಂಡದ ಹೆಸರು, ಊರು ಹೇಳುತ್ತಾರೆ. ಟ್ಯಾಗ್ ಉದುರಿದರೂ ದನಿ ಉದುರುವುದಿಲ್ಲ. ಆ ಫೈಲನ್ನು ಅವರೇ ನೂರಾರು ಜನಕ್ಕೆ ಕಳಿಸಿದರು. ಆಮೇಲೆ ಹೊಸದುರ್ಗದ ಕಡೆಯಿಂದ, ಚಳ್ಳಕೆರೆಯಿಂದ ಕರೆ ಬಂದವು. ನಮ್ಮ ದಾವಣಗೆರೆಗೆ ಇದೇನೂ ಹೊಸ ವಿದ್ಯೆಯಲ್ಲ. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು ನಮ್ಮದು. ಕಂಪನಿ ನಾಟಕದವರು ಕರಪತ್ರವನ್ನು ಪುಕ್ಕಟೆಯೇ ಹಂಚುತ್ತಿದ್ದರು. ಆದರೆ ಕಂಪನಿ ಹೆಸರಿಲ್ಲದ ಕರಪತ್ರವನ್ನು ಯಾರಾದರೂ ಹಂಚುತ್ತಾರಾ?

ಕಾನೂನು ಕೂಡ ಹೆಸರನ್ನು ದುಡ್ಡಿನಿಂದ ಬೇರೆ ಮಾಡಿಯೇ ನೋಡುತ್ತದೆ. ಇದು ನನಗೆ ತಡವಾಗಿ ತಿಳಿದದ್ದು. 1957ರ ಕಾಪಿರೈಟ್ ಕಾಯ್ದೆಯಲ್ಲಿ ಒಂದು ಹಾಡು ಅಂದರೆ ಮೂರು ಹಕ್ಕು. ಸಾಹಿತ್ಯದ್ದು, ರಾಗದ್ದು, ರೆಕಾರ್ಡಿಂಗಿನದ್ದು. ಬರೆದ ಕ್ಷಣದಿಂದಲೇ ಹಕ್ಕು ಹುಟ್ಟುತ್ತದೆ, ನೋಂದಣಿ ಕಡ್ಡಾಯವಲ್ಲ. ಅದರ ಜೊತೆಗೆ 57ನೇ ಕಲಂ ಇದೆ. ಹಕ್ಕನ್ನು ಬೇರೆಯವರಿಗೆ ಬರೆದುಕೊಟ್ಟಿದ್ದರೂ "ಇದು ನನ್ನ ಕೃತಿ" ಅಂತ ಹೇಳಿಕೊಳ್ಳುವ ಹಕ್ಕು ಬರೆದವನ ಹತ್ತಿರವೇ ಉಳಿಯುತ್ತದೆ. 2012ರ ತಿದ್ದುಪಡಿ ಹಾಡುವವರಿಗೂ ನುಡಿಸುವವರಿಗೂ ಇಂಥದ್ದೇ ಹಕ್ಕು ಕೊಟ್ಟಿತು. ಮಂಡಕ್ಕಿ ಭಟ್ಟಿಯ ಹುಡುಗನಿಗೂ ಅದು ಅನ್ವಯಿಸುತ್ತದೆ.

ವಚನ ಹಾಡುವ ತಂಡಗಳು ನಮ್ಮ ಕಡೆ ಬಹಳ. ಹನ್ನೆರಡನೇ ಶತಮಾನದ ವಚನದ ಮೇಲೆ ಯಾರಿಗೂ ಕಾಪಿರೈಟ್ ಇಲ್ಲ, ನಿಜ. ಆದರೆ ನೀವು ಹಾಕಿದ ರಾಗ ನಿಮ್ಮದು, ನೀವು ಖರ್ಚು ಮಾಡಿ ಮಾಡಿಸಿದ ರೆಕಾರ್ಡಿಂಗ್ ನಿಮ್ಮದು. "ವಚನ ತಾನೇ, ಎಲ್ಲರದ್ದೂ" ಅಂತ ಯಾರಾದರೂ ನಿಮ್ಮ ಫೈಲನ್ನೇ ಎತ್ತಿಕೊಂಡರೆ ಸುಮ್ನೆ ಇರಬೇಕಾಗಿಲ್ಲ.

ಮದುವೆಯ ವಿಷಯದಲ್ಲಿ ಮಾತ್ರ ಕಾಯ್ದೆ ಕೈ ಸಡಿಲ ಬಿಟ್ಟಿದೆ. ಮದುವೆ ಮೆರವಣಿಗೆ, ಅದಕ್ಕೆ ಸಂಬಂಧಪಟ್ಟ ಸಮಾರಂಭಗಳಲ್ಲಿ ಹಾಡು ಹಾಕಿದರೆ ಅದು ಉಲ್ಲಂಘನೆಯಲ್ಲ. ಹರಿಹರದ ಆ ಹುಡುಗ ಅಕ್ಕನ ಮದುವೆಯಲ್ಲಿ ಹಾಡುವುದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಆದರೆ ಅದೇ ಹಾಡಿಗೆ ಬೀಟ್ ಸೇರಿಸಿ, ತನ್ನ ಹೆಸರಿನಲ್ಲಿ ಚಾನೆಲ್ಲಿಗೆ ಹಾಕಿ ಹಣ ಮಾಡುವುದಕ್ಕೆ ಈ ವಿನಾಯಿತಿ ಇಲ್ಲ.

ಆ ತತ್ವಪದದ ತಂಡಕ್ಕೂ ಇನ್ನೊಂದು ಹಾಡಿನಲ್ಲಿ ಕಷ್ಟ ಬಂತು. ಅವರ ಹಾಡನ್ನು ಬೇರೆ ಯಾರೋ ರೀಮಿಕ್ಸ್ ಮಾಡಿ, ಒಂದು ಏಜೆನ್ಸಿ ಮೂಲಕ ಯೂಟ್ಯೂಬಿನ ಕಂಟೆಂಟ್ ಐಡಿಗೆ ಸೇರಿಸಿಬಿಟ್ಟರು. ಅದು ಸದ್ದಿಗೆ ಸದ್ದು ಹೋಲಿಸುವ ಯಂತ್ರ. ಯಾರು ಮಾಡಿದ್ದು ಅಂತ ಅದಕ್ಕೆ ತಿಳಿಯುವುದಿಲ್ಲ, ಯಾರು ದಾಖಲಿಸಿದರು ಅಂತ ಮಾತ್ರ ಗೊತ್ತು. ಒಂದು ಬೆಳಿಗ್ಗೆ ಇವರದೇ ವಿಡಿಯೋ ಮೇಲೆ "ಇದು ಬೇರೆಯವರ ಹಾಡು" ಅನ್ನುವ ನೋಟಿಸ್ ಬಂತು. ಗಾಯಕರು ನನಗೆ ಫೋನ್ ಮಾಡಿದಾಗ ದನಿ ನಡುಗುತ್ತಿತ್ತು. "ನಮ್ಮ ಹಾಡು ನಮ್ದಲ್ಲ ಅಂತಾರಲ್ರೀ" ಅಂದರು. ತಕರಾರು ಸಲ್ಲಿಸಿದರೆ ಎದುರಿನವರು 30 ದಿನದೊಳಗೆ ಉತ್ತರ ಕೊಡಬೇಕು. ನಾನು ಹಾರ್ಡ್‌ಡಿಸ್ಕ್ ತೆಗೆದೆ. ಒಂದೊಂದು ವಾದ್ಯದ ಬೇರೆ ಬೇರೆ ಟ್ರ್ಯಾಕ್, ತಾರೀಕಿನ ಸಮೇತ ಇದ್ದವು. ತಪ್ಪಿ ಹಾಡಿ ನಿಲ್ಲಿಸಿದ ಟೇಕ್‌ಗಳು ಕೂಡ ಇದ್ದವು. ಬಿಲ್ ಇತ್ತು, ಸಹಿ ಇತ್ತು. ಎಲ್ಲ ಸೇರಿಸಿ ಬರೆದೆವು. ಕ್ಲೇಮ್ ಬಿಟ್ಟುಹೋಯಿತು.

ಆವತ್ತಿನಿಂದ ನನ್ನಲ್ಲಿ ಬರುವ ತಂಡಗಳಿಗೆ ಕೆಲವು ವಿಷಯ ಪಟ್ಟುಹಿಡಿದು ಹೇಳುತ್ತೇನೆ. ಕಚ್ಚಾ ಟ್ರ್ಯಾಕ್‌ಗಳ ಒಂದು ಪ್ರತಿ ನಿಮ್ಮ ಮನೆಯಲ್ಲೂ ಇರಲಿ. ಇಂಟರ್ನೆಟ್ಟಿನಲ್ಲಿ ಸಿಗುವ ರೆಡಿ ಲೂಪ್, ಅಂದರೆ ಮೊದಲೇ ನುಡಿಸಿಟ್ಟ ತುಣುಕು, ಹಾಕಬೇಡಿ, ಅದೇ ಲೂಪ್ ನೂರು ಜನ ಬಳಸಿರುತ್ತಾರೆ, ಯಂತ್ರ ಗೊಂದಲಕ್ಕೆ ಬೀಳುತ್ತದೆ. ಹಾಡಿಗೆ ಐಎಸ್‌ಆರ್‌ಸಿ ನಂಬರ್ ಮಾಡಿಸಿ, ಹನ್ನೆರಡು ಅಕ್ಷರ ಅಂಕಿಗಳ ಆ ಗುರುತು ರೆಕಾರ್ಡಿಂಗಿನ ಆಧಾರ್ ಇದ್ದ ಹಾಗೆ. ಬರೆದವರು, ರಾಗ ಹಾಕಿದವರು ಐಪಿಆರ್‌ಎಸ್‌ಗೆ ಸದಸ್ಯರಾಗಿ. ಅವರಿಗೆ ಬರಬೇಕಾದ ರಾಯಲ್ಟಿ ವಸೂಲಿ ಮಾಡಿ ಹಂಚುವ, 1969ರಿಂದ ಇರುವ ಸಂಸ್ಥೆ ಅದು, ಮುಂಬೈಯದ್ದು. ಯಾರಿಗಾದರೂ ಹಕ್ಕು ಕೊಡುವಾಗ ಬಾಯಿಮಾತಿನಲ್ಲಿ ಕೊಡಬೇಡಿ. ಪತ್ರದಲ್ಲಿ ಅವಧಿ ಬರೆಯದಿದ್ದರೆ ಕಾಯ್ದೆ ಅದನ್ನು ಐದು ವರ್ಷ ಅಂತ ಹಿಡಿಯುತ್ತದೆ. ಜೀವಮಾನಕ್ಕೆಲ್ಲ ಅಂತ ಬರೆದ ಕಾಗದ ಯಾರಾದರೂ ಮುಂದಿಟ್ಟರೆ ಸಹಿ ಹಾಕುವ ಮುಂಚೆ ಒಂದು ರಾತ್ರಿ ಮನೆಗೆ ಒಯ್ದು ಓದಿ.

ಹರಿಹರದ ಹುಡುಗನ ವಿಷಯ ಅರ್ಧಕ್ಕೆ ಬಿಟ್ಟೆ. ಆವತ್ತೇ ಮೇಷ್ಟ್ರಿಗೆ ಫೋನ್ ಮಾಡಿದೆ. ಅವರು ಒಂದು ಗಳಿಗೆ ಸುಮ್ಮನಿದ್ದರು. "ಡಿಜೆದು ಯಾಕೆ, ನಮ್ಮ ಒರಿಜಿನಲ್ ಟ್ರ್ಯಾಕೇ ಕೊಡ್ರಿ. ದುಡ್ಡು ಬ್ಯಾಡ. ಹಾಡೋಕೆ ಮುಂಚೆ ತಂಡದ ಹೆಸರು ಒಂದ್ಸಲ ಮೈಕಿನಾಗೆ ಹೇಳು ಅನ್ರಿ, ಅಷ್ಟು ಸಾಕು" ಅಂದರು. ಹುಡುಗ ತಂಡದ ಹೆಸರನ್ನು ಅಂಗೈ ಮೇಲೆ ಪೆನ್ನಿನಿಂದ ಬರೆದುಕೊಂಡು ಹೋದ.

ಈಗ ಪ್ರತಿ ಹಾಡಿನ ಕೆಲಸ ಮುಗಿದ ಮೇಲೆ ಪೆನ್‌ಡ್ರೈವ್ ಕೊಡುವ ಮುಂಚೆ ಎಲ್ಲರನ್ನೂ ಕಂಪ್ಯೂಟರ್ ಮುಂದೆ ಕೂರಿಸಿಕೊಳ್ಳುತ್ತೇನೆ. ಬರೆದವರು, ರಾಗ ಹಾಕಿದವರು, ಹಾಡಿದವರು, ನುಡಿಸಿದವರು, ಎಲ್ಲರ ಹೆಸರು ಅವರ ಎದುರಿಗೇ ಟೈಪ್ ಮಾಡುತ್ತೇನೆ. ಹೋದ ವಾರ ಒಂದು ತಂಡದಲ್ಲಿ ತಮಟೆ ಬಾರಿಸಿದ ಹಿರಿಯರು ಬಾಗಿಲ ಹತ್ತಿರ ಚಪ್ಪಲಿ ಹಾಕಿಕೊಳ್ಳುತ್ತಿದ್ದರು. "ಯಜಮಾನ್ರೇ, ನಿಮ್ಮ ಹೆಸರು ಹೇಳ್ರಿ" ಅಂದೆ. "ನಂದೂ ಬರೀತೀರೇನು?" ಅಂತ ವಾಪಸ್ ಬಂದು ನನ್ನ ಕುರ್ಚಿ ಹಿಂದೆ ನಿಂತರು. ಹೆಸರು ಹೇಳಿದರು. ನಾನು ಟೈಪ್ ಮಾಡಿ ಓದಿ ಹೇಳಿದೆ. ಪರದೆಯನ್ನೇ ನೋಡುತ್ತಾ ಸ್ವಲ್ಪ ಹೊತ್ತು ನಿಂತವರು, "ಊರೂ ಹಾಕ್ರಿ. ನಮ್ಮ ಕೇರ್ಯಾಗೆ ಈ ಹೆಸರಿನೋರು ನಾಲ್ಕು ಮಂದಿ ಅದಾರೆ" ಅಂದರು.

ಊರೂ ಹಾಕಿದೆ.