ಅನಾರ್ಥೊಸೈಟ್: ಚಂದ್ರನ ಬಿಳಿ ನೆಲದ ಕಲ್ಲು

ಹುಣ್ಣಿಮೆ ಚಂದ್ರನಲ್ಲಿ ಮೊಲ ಅಂತ ಮಕ್ಕಳಿಗೆ ತೋರಿಸುತ್ತೇವಲ್ಲ, ಆ ಕಪ್ಪು ಕಲೆಗಳೆಲ್ಲ ಬಸಾಲ್ಟ್. ಅಂದರೆ ಯಾವಾಗಲೋ ಹರಿದು ಗಟ್ಟಿಯಾದ ಲಾವಾ. ಅದರ ಸುತ್ತ ಬೆಳ್ಳಗೆ ಹೊಳೆಯುವ ಎತ್ತರದ ನೆಲದ ಮುಖ್ಯ ಕಲ್ಲು ಅನಾರ್ಥೊಸೈಟ್.

ಇದು ಹೆಚ್ಚುಕಡಿಮೆ ಒಂದೇ ಖನಿಜದಿಂದ ಆದ ಅಗ್ನಿಶಿಲೆ. ಪ್ಲೇಜಿಯೋಕ್ಲೇಸ್ ಫೆಲ್ಡ್‌ಸ್ಪಾರ್ ಅನ್ನುವ ಖನಿಜ ಇದರಲ್ಲಿ ನೂರಕ್ಕೆ 90ಕ್ಕಿಂತ ಜಾಸ್ತಿ ಇರುತ್ತದೆ. ಚಂದ್ರನ ಫೆಲ್ಡ್‌ಸ್ಪಾರ್‌ನಲ್ಲಿ ಮುಖ್ಯವಾಗಿ ಇರುವುದು ಕ್ಯಾಲ್ಸಿಯಂ, ಅಲ್ಯೂಮಿನಿಯಂ, ಸಿಲಿಕಾನ್ ಮತ್ತು ಆಮ್ಲಜನಕ. ಕಪ್ಪು ಬಣ್ಣ ಕೊಡುವ ಕಬ್ಬಿಣದ ಖನಿಜಗಳು ತೀರಾ ಕಡಿಮೆ. ಅದಕ್ಕೇ ಬಿಳಿ, ಇಲ್ಲವೇ ತಿಳಿ ಬೂದು.

ಈ ಕಲ್ಲು ಮೊದಲು ಸಿಕ್ಕಿದ್ದು ಕಲ್ಲಿನ ರೂಪದಲ್ಲಿ ಅಲ್ಲ. 1969ರಲ್ಲಿ ಅಪೋಲೊ 11 ಇಳಿದದ್ದು ಕಪ್ಪು ಬಸಾಲ್ಟಿನ ಬಯಲಿನ ಮೇಲೆ. ಅಲ್ಲಿಂದ ತಂದ ಮಣ್ಣಿನಲ್ಲಿ ಕೆಲವೇ ಕೆಲವು ಬಿಳಿ ಚೂರುಗಳಿದ್ದವು, ಒಂದೊಂದೂ ಕೆಲವು ಮಿಲಿಮೀಟರ್ ಅಷ್ಟೇ. ಅಮೆರಿಕದ ಜಾನ್ ವುಡ್ ಮತ್ತು ಅವರ ತಂಡ ಅವನ್ನು ಆರಿಸಿ ನೋಡಿದರು. ಇವು ಈ ಬಯಲಿನವಲ್ಲ, ಉಲ್ಕೆ ಬಡಿದಾಗ ದೂರದ ಬಿಳಿ ಎತ್ತರದಿಂದ ಸಿಡಿದು ಬಂದವು ಅಂತ ಅಂದಾಜು ಮಾಡಿದರು. ಅಲ್ಲಿಗೇ ನಿಲ್ಲಿಸಲಿಲ್ಲ. ಚಂದ್ರನ ಹೊರಪದರವೇ ಈ ಕಲ್ಲಿನದಾಗಿದ್ದರೆ ಚಂದ್ರ ಒಂದು ಕಾಲಕ್ಕೆ ಬಹಳ ಆಳದವರೆಗೆ ಕರಗಿ ಕುದಿಯುತ್ತಿರಬೇಕು ಅಂದರು. ಇದೇ ಕಾಲಕ್ಕೆ ಜೋಸೆಫ್ ಸ್ಮಿತ್ ಎಂಬ ವಿಜ್ಞಾನಿ ಕೂಡ ಬೇರೆಯಾಗಿ ಇದೇ ಮಾತಿಗೆ ಬಂದಿದ್ದರು. ಒಂದು ಚಿಟಿಕೆ ಚೂರಿನಿಂದ ಇಷ್ಟು ದೊಡ್ಡ ಮಾತು ಆಡುವುದಕ್ಕೆ ಧೈರ್ಯ ಬೇಕು, ಅಲ್ವಾ?

ಅವರ ಲೆಕ್ಕ ಹೀಗೆ. ಕರಗಿದ ಚಂದ್ರ ಆರುತ್ತಾ ಬಂದಾಗ ಆಲಿವೀನ್, ಪೈರಾಕ್ಸೀನ್‌ನಂಥ ಭಾರದ ಖನಿಜಗಳು ಮೊದಲು ಹರಳುಗಟ್ಟಿ ತಳ ಸೇರಿದವು. ಸುಮಾರು ಮುಕ್ಕಾಲು ಪಾಲು ಗಟ್ಟಿಯಾದ ಮೇಲಷ್ಟೇ ಫೆಲ್ಡ್‌ಸ್ಪಾರ್‌ನ ಸರದಿ. ಅಷ್ಟು ಹೊತ್ತಿಗೆ ಉಳಿದ ದ್ರವದಲ್ಲಿ ಕಬ್ಬಿಣದ ಅಂಶ ಏರಿ ಅದು ಭಾರವಾಗಿತ್ತು. ಫೆಲ್ಡ್‌ಸ್ಪಾರ್ ಅದಕ್ಕಿಂತ ಹಗುರ. ಹರಳುಗಳು ಮೇಲೆದ್ದು ತೇಲಿದವು, ಒಂದಕ್ಕೊಂದು ಸೇರಿ ಹತ್ತಾರು ಕಿಲೋಮೀಟರ್ ದಪ್ಪದ ಹೊರಪದರ ಆಯಿತು. ಆ ಕುದಿಯುವ ದ್ರವಕ್ಕೆ ಮ್ಯಾಗ್ಮಾ ಸಾಗರ ಅಂತ ಹೆಸರು.

ಇದಕ್ಕೆ ಸಾಕ್ಷಿ ಏನು? ನನಗೆ ಎಲ್ಲಕ್ಕಿಂತ ಇಷ್ಟವಾದ ಸಾಕ್ಷಿ ಯುರೋಪಿಯಂ ಅನ್ನುವ ಅಪರೂಪದ ಲೋಹ. ಫೆಲ್ಡ್‌ಸ್ಪಾರ್ ಹರಳುಗಟ್ಟುವಾಗ ತನ್ನಲ್ಲಿನ ಕ್ಯಾಲ್ಸಿಯಂ ಜಾಗದಲ್ಲಿ ಯುರೋಪಿಯಂ ಅನ್ನು ಸುಲಭವಾಗಿ ಕೂರಿಸಿಕೊಳ್ಳುತ್ತದೆ. ಅದರ ಅಣ್ಣತಮ್ಮಂದಿರಂಥ ಬೇರೆ ಲೋಹಗಳನ್ನು ಅಷ್ಟಾಗಿ ಸೇರಿಸುವುದಿಲ್ಲ. ಅಳೆದು ನೋಡಿದರೆ ಅನಾರ್ಥೊಸೈಟ್‌ನಲ್ಲಿ ಯುರೋಪಿಯಂ ಎದ್ದು ಕಾಣುವಷ್ಟು ಜಾಸ್ತಿ, ಕಪ್ಪು ಬಸಾಲ್ಟ್‌ನಲ್ಲಿ ಎದ್ದು ಕಾಣುವಷ್ಟು ಕಮ್ಮಿ. ಬಸಾಲ್ಟ್ ಹುಟ್ಟಿದ್ದು ಆಳದಲ್ಲಿ ಉಳಿದ ಸರಕಿನಿಂದ. ಅದರ ಪಾಲಿನ ಯುರೋಪಿಯಂ ಆಗಲೇ ಮೇಲಕ್ಕೆ ಹೋಗಿಬಿಟ್ಟಿತ್ತು. ಎರಡೂ ಕಲ್ಲುಗಳ ಲೆಕ್ಕ ಒಂದಕ್ಕೊಂದು ತಾಳೆಯಾಗುತ್ತದೆ.

ಹೆಸರು ಮಾಡಿದ್ದು ಮಾತ್ರ ಬೇರೊಂದು ಅನಾರ್ಥೊಸೈಟ್ ತುಂಡು. 1971ರ ಆಗಸ್ಟ್ 1ರಂದು ಅಪೋಲೊ 15ರ ಡೇವಿಡ್ ಸ್ಕಾಟ್ ಮತ್ತು ಜೇಮ್ಸ್ ಇರ್ವಿನ್ ಸ್ಪರ್ ಎಂಬ ಕುಳಿಯ ಹತ್ತಿರ ಮಣ್ಣುಮಣ್ಣಾದ ಒಂದು ದಿಬ್ಬದ ಮೇಲೆ ಕೂತಂತಿದ್ದ ಬಿಳಿ ಕಲ್ಲನ್ನು ಕಂಡರು. ಎತ್ತಿ ಹಿಡಿದಾಗ ಹರಳುಗಳು ಮಿಂಚಿದವು. ತೂಕ 269 ಗ್ರಾಂ, ಸಂಖ್ಯೆ 15415. ಪತ್ರಿಕೆಗಳು ಅದನ್ನು 'ಜೆನೆಸಿಸ್ ರಾಕ್', ಸೃಷ್ಟಿಯ ಕಲ್ಲು ಅಂತ ಕರೆದವು. ಆದರೆ ಕಲ್ಲಿನೊಳಗೆ ಕಾಲ ಕಳೆದಂತೆ ಕೂಡುವ ಆರ್ಗಾನ್ ಅನಿಲವನ್ನು ಅಳೆಯುವ ವಿಧಾನದಲ್ಲಿ ಸಿಕ್ಕ ವಯಸ್ಸು ಸುಮಾರು 410 ಕೋಟಿ ವರ್ಷ. ಸೌರಮಂಡಲಕ್ಕೆ ಸುಮಾರು 457 ಕೋಟಿ ವರ್ಷ ಆಗಿದೆ, ಹಾಗಾಗಿ ಆ ಬಿರುದು ಸ್ವಲ್ಪ ಆತುರದ್ದೇ. ಉಲ್ಕೆಗಳ ಏಟಿಗೆ ಕಲ್ಲು ಬಿಸಿಯಾದರೆ ಆರ್ಗಾನ್ ಸೋರಿಹೋಗಿ ವಯಸ್ಸಿನ ಲೆಕ್ಕ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ ಅನ್ನುವುದೂ ನೆನಪಿರಲಿ. ಅಪೋಲೊ 16 ತಂದ 60025 ಎಂಬ ಅನಾರ್ಥೊಸೈಟ್‌ಗೆ 2011ರಲ್ಲಿ ಬೇರೆ ವಿಧಾನಗಳಿಂದ 436 ಕೋಟಿ ವರ್ಷ ಅಂತ ಲೆಕ್ಕ ಸಿಕ್ಕಿತು. ಇದೂ ಕೆಲವರು ನಿರೀಕ್ಷಿಸಿದ್ದಕ್ಕಿಂತ ಎಳೆಯದೇ. ಮ್ಯಾಗ್ಮಾ ಸಾಗರ ತಡವಾಗಿ ಆರಿತೋ, ಚಂದ್ರನೇ ತಡವಾಗಿ ಹುಟ್ಟಿದನೋ ಅನ್ನುವ ವಾದ ಇನ್ನೂ ನಡೆಯುತ್ತಿದೆ.

ಭೂಮಿಯಲ್ಲೂ ಅನಾರ್ಥೊಸೈಟ್ ಇದೆ, ಆದರೆ ಅಲ್ಲೊಂದು ಇಲ್ಲೊಂದು ಕಡೆ. ತಮಿಳುನಾಡಿನ ನಾಮಕ್ಕಲ್ ಹತ್ತಿರದ ಸಿತ್ತಂಪೂಂಡಿಯಲ್ಲಿ ಸಿಗುವುದನ್ನು ಪುಡಿ ಮಾಡಿಸಿ ಇಸ್ರೊ ಬೆಂಗಳೂರಿನಲ್ಲಿ ಚಂದ್ರನಂಥ ನೆಲ ಸಿದ್ಧ ಮಾಡಿತ್ತು, ಲ್ಯಾಂಡರ್ ಮತ್ತು ರೋವರ್ ಪರೀಕ್ಷೆಗೆ. 2023ರಲ್ಲಿ ಚಂದ್ರಯಾನ-3ರ ಪ್ರಜ್ಞಾನ್ ರೋವರ್ ದಕ್ಷಿಣ ಧ್ರುವದ ಕಡೆಯ ನೆಲವನ್ನು 23 ಕಡೆ ಪರೀಕ್ಷಿಸಿತು. ಅಲ್ಲಿನ ಮಣ್ಣೂ ಬಹುಪಾಲು ಇದೇ ಕಲ್ಲಿನ ಪುಡಿ. ಅಪೋಲೊ ಇಳಿದದ್ದೆಲ್ಲ ಚಂದ್ರನ ನಡುಭಾಗದ ಆಸುಪಾಸಿನಲ್ಲಿ, ಆದ್ದರಿಂದ ಅಷ್ಟು ದಕ್ಷಿಣದಲ್ಲೂ ಅದೇ ಸಿಕ್ಕಿದ್ದು ಮ್ಯಾಗ್ಮಾ ಸಾಗರದ ವಾದಕ್ಕೆ ದೊಡ್ಡ ಬಲ. ಜೊತೆಗೆ ಮೆಗ್ನೀಸಿಯಂ ಅಂದುಕೊಂಡಿದ್ದಕ್ಕಿಂತ ಸ್ವಲ್ಪ ಜಾಸ್ತಿ ಇತ್ತು. ಹತ್ತಿರದ ದೈತ್ಯ ಕುಳಿ ಉಂಟಾದಾಗ ಆಳದ ಸರಕು ಸಿಡಿದು ಮೇಲೆ ಬಂದು ಬೆರೆತಿರಬೇಕು ಎನ್ನುತ್ತಾರೆ ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ವಿಜ್ಞಾನಿಗಳು. ಆ ನೆಲದ ವಯಸ್ಸು ತಿಳಿಯಬೇಕಾದರೆ ರೋವರ್ ಸಾಲದು, ಕಲ್ಲನ್ನೇ ಭೂಮಿಗೆ ತರಬೇಕು. ಮಾದರಿ ತರುವ ಚಂದ್ರಯಾನ-4ಕ್ಕೆ ಕೇಂದ್ರ ಸರ್ಕಾರ 2024ರಲ್ಲಿ ಒಪ್ಪಿಗೆ ಕೊಟ್ಟಿದೆ.