ಪಾಠ ಹೇಳಲು ಆರು, ಪುಸ್ತಕ ನೋಡಿಕೊಳ್ಳಲು ಆರು: ಕಲಬುರಗಿಯಿಂದ ಕಂಡ ಮುಕ್ತ ಪ್ರಕಟಣೆಯ ಕತೆ

ಚಿತ್ತಾಪುರದ ಪಕ್ಕದಲ್ಲೇ ನಾಗಾವಿ ಇದೆ. ಯಲ್ಲಮ್ಮನ ದರ್ಶನಕ್ಕೆ ಹೋಗುವವರಿಗೆಲ್ಲ ಗೊತ್ತಿರುವ ಜಾಗ. ಅಲ್ಲಿನ ಅರವತ್ತು ಕಂಬದ ಗುಡಿಯನ್ನೂ ತುಂಬ ಜನ ನೋಡಿರುತ್ತಾರೆ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಇಲ್ಲೊಂದು ಘಟಿಕಾಸ್ಥಾನ ಇತ್ತು. ಈಗಿನ ಮಾತಿನಲ್ಲಿ ಹೇಳುವುದಾದರೆ ಹಾಸ್ಟೆಲ್ ಇರುವ ದೊಡ್ಡ ಕಾಲೇಜು. 1058ರ ಶಾಸನದಲ್ಲಿ ಅದರ ಲೆಕ್ಕವೆಲ್ಲ ಇದೆ. ವೇದ ಓದುವವರು 200 ಮಂದಿ, ಶಾಸ್ತ್ರ ಓದುವವರು 50ರಷ್ಟು. ಪಾಠ ಹೇಳಲು ಆರು ಮಂದಿ. ಅವರ ಜೊತೆಗೆ ಆರು ಮಂದಿ ಸರಸ್ವತಿ ಭಂಡಾರಿಗರು. ಅಂದರೆ ಗ್ರಂಥಗಳನ್ನು ನೋಡಿಕೊಳ್ಳುವವರು, ಇಂದಿನ ಲೈಬ್ರರಿಯನ್‌ಗಳು.

ಪಾಠ ಹೇಳುವವರು ಎಷ್ಟೋ, ಪುಸ್ತಕ ನೋಡಿಕೊಳ್ಳುವವರೂ ಅಷ್ಟೇ. ನಾನು ಗ್ರಂಥಾಲಯ ವಿಜ್ಞಾನ ಓದಿದವಳು. ಕಲಬುರಗಿಯ ಸುತ್ತಮುತ್ತ ಯಾವ ಕಾಲೇಜಿಗೆ ಹೋದರೂ ನನಗೆ ಈ ಲೆಕ್ಕ ನೆನಪಾಗುತ್ತದೆ.

2022-23ರಲ್ಲಿ ನಮ್ಮ ಭಾಗದ ತೊಗರಿಗೆ ನೆಟೆ ರೋಗ ಬಂದದ್ದು ಯಾರೂ ಮರೆತಿಲ್ಲ. ಕಾಯಿ ಕಟ್ಟುವ ಹೊತ್ತಿಗೆ ಗಿಡ ನಿಂತಲ್ಲೇ ಒಣಗಿತು. ಆ ವರ್ಷ ಆಳಂದ ಕಡೆಯ ಒಬ್ಬ ಹುಡುಗಿ ಅದರ ಬಗ್ಗೆಯೇ ಪ್ರಾಜೆಕ್ಟ್ ಮಾಡಲು ಹೊರಟಿದ್ದಳು. ಒಣಗಿದ್ದು ಅವಳ ಮನೆಯ ಹೊಲವೇ. ಅವಳಿಗೆ ಬೇಕಾದ ಸಂಶೋಧನಾ ಲೇಖನ ಇಂಟರ್‌ನೆಟ್‌ನಲ್ಲಿ ಸಿಕ್ಕಿತು. ಹೆಸರು ಕಂಡಿತು, ಐದಾರು ಸಾಲಿನ ಸಾರಾಂಶವೂ ಕಂಡಿತು. ಪೂರ್ತಿ ಓದಬೇಕೆಂದರೆ 39 ಡಾಲರ್ ಕಟ್ಟಬೇಕಿತ್ತು. ಆಗಿನ ಲೆಕ್ಕದಲ್ಲಿ ಮೂರು ಸಾವಿರ ರೂಪಾಯಿಗೂ ಜಾಸ್ತಿ. ಆ ಹಂಗಾಮಿನ ಬೆಂಬಲ ಬೆಲೆಯಲ್ಲಿ ಹತ್ತಿರ ಹತ್ತಿರ ಅರ್ಧ ಕ್ವಿಂಟಲ್ ತೊಗರಿಯ ದುಡ್ಡು. ಒಂದೇ ಒಂದು ಲೇಖನಕ್ಕೆ. ಕಾಲೇಜಿನ ಲೈಬ್ರರಿಯಲ್ಲಿ ಕೇಳೋಣ ಎಂದರೆ ಲೈಬ್ರರಿಯನ್ ಹುದ್ದೆಯೇ ಖಾಲಿ. ಬೇರೆ ವಿಷಯದ ಮೇಷ್ಟ್ರೊಬ್ಬರು ಬೀಗದ ಕೈ ಇಟ್ಟುಕೊಂಡಿದ್ದರು.

ಈ ಬೆಲೆ ಎಲ್ಲಿಂದ ಬಂತು ಎಂಬುದು ಹಳೇ ಕತೆ. ವಿಜ್ಞಾನದ ಜರ್ನಲ್‌ಗಳು, ಅಂದರೆ ಸಂಶೋಧನಾ ಲೇಖನಗಳ ಪತ್ರಿಕೆಗಳು, ಶುರುವಾದದ್ದು 1665ರಲ್ಲಿ, ಪ್ಯಾರಿಸ್ ಮತ್ತು ಲಂಡನ್‌ನಲ್ಲಿ. ಹೊಸದಾಗಿ ಕಂಡುಕೊಂಡದ್ದನ್ನು ಎಲ್ಲರಿಗೂ ಬೇಗ ತಿಳಿಸುವುದು ಅವುಗಳ ಕೆಲಸವಾಗಿತ್ತು. ಎರಡನೇ ಮಹಾಯುದ್ಧದ ನಂತರ ದೊಡ್ಡ ಪ್ರಕಾಶನ ಕಂಪನಿಗಳು ಇದಕ್ಕೆ ಕೈಹಾಕಿದವು. ಲೇಖನ ಬರೆದ ವಿಜ್ಞಾನಿಗೆ ಅವು ದುಡ್ಡು ಕೊಡುವುದಿಲ್ಲ. ಅದನ್ನು ಓದಿ ಸರಿತಪ್ಪು ಹೇಳುವ ಬೇರೆ ವಿಜ್ಞಾನಿಗಳಿಗೂ ಸಾಮಾನ್ಯವಾಗಿ ಕೊಡುವುದಿಲ್ಲ. ಸಂಶೋಧನೆಯ ಖರ್ಚು ಹೆಚ್ಚಾಗಿ ಸರ್ಕಾರದ್ದು, ಅಂದರೆ ಜನರದ್ದು. ಆಮೇಲೆ ಅದೇ ಲೇಖನವನ್ನು ಅದೇ ವಿಶ್ವವಿದ್ಯಾಲಯದ ಲೈಬ್ರರಿ ಚಂದಾ ಕಟ್ಟಿ ಕೊಳ್ಳಬೇಕು. ಇದು ನ್ಯಾಯ ಅಲ್ಲ ಎಂದು ನನಗೆ ವಿದ್ಯಾರ್ಥಿಯಾಗಿದ್ದಾಗಲೇ ಅನ್ನಿಸಿತ್ತು. ಈಗಲೂ ಹಾಗೇ ಅನ್ನಿಸುತ್ತದೆ.

ನಮ್ಮ ಗುಲಬರ್ಗಾ ವಿಶ್ವವಿದ್ಯಾಲಯ ಹುಟ್ಟಿದ್ದು 1980ರಲ್ಲಿ. ಅದಕ್ಕೆ ಹತ್ತು ವರ್ಷ ತುಂಬಿ ಕಾಲೂರುವ ಹೊತ್ತಿಗೆ, 1991ರ ಜುಲೈನಲ್ಲಿ, ರೂಪಾಯಿಯ ಬೆಲೆ ಇಳಿಸಲಾಯಿತು. ವಿದೇಶಿ ಜರ್ನಲ್‌ಗಳ ಬೆಲೆ ಇರುವುದು ಡಾಲರ್ ಮತ್ತು ಪೌಂಡ್‌ನಲ್ಲಿ. ಒಂದೇ ಏಟಿಗೆ ಚಂದಾ ದರ ಏರಿತು. ದೇಶದ ಲೈಬ್ರರಿಗಳು ಒಂದೊಂದಾಗಿ ಜರ್ನಲ್ ನಿಲ್ಲಿಸುತ್ತ ಬಂದವು. ಹೊಸ ವಿಶ್ವವಿದ್ಯಾಲಯಗಳಿಗೆ ಇದರ ಪೆಟ್ಟು ಇನ್ನೂ ಜಾಸ್ತಿ. ಹಳೆಯವರ ಬಳಿ ಹಿಂದಿನ ಸಂಚಿಕೆಗಳಾದರೂ ಇದ್ದವು.

ಅದೇ 1991ರ ಆಗಸ್ಟ್‌ನಲ್ಲಿ ಅಮೆರಿಕದ ಲಾಸ್ ಅಲಮೋಸ್‌ನಲ್ಲಿ ಪಾಲ್ ಗಿನ್ಸ್‌ಪಾರ್ಗ್ ಎಂಬ ಭೌತವಿಜ್ಞಾನಿ ಒಂದು ಕೆಲಸ ಶುರುಮಾಡಿದರು. ಭೌತಶಾಸ್ತ್ರದ ಲೇಖನಗಳನ್ನು ಜರ್ನಲ್‌ಗೆ ಹೋಗುವ ಮೊದಲೇ ಕಂಪ್ಯೂಟರಿನಲ್ಲಿ ಎಲ್ಲರಿಗೂ ಸಿಗುವಂತೆ ಇಟ್ಟರು. ಅದೇ ಇವತ್ತಿನ ಆರ್ಕೈವ್. ಹತ್ತೂವರೆ ವರ್ಷದ ನಂತರ, 2002ರ ಫೆಬ್ರವರಿ 14ರಂದು, ಬುಡಾಪೆಸ್ಟ್‌ನಲ್ಲಿ ನಡೆದಿದ್ದ ಸಭೆಯೊಂದರಿಂದ ಬುಡಾಪೆಸ್ಟ್ ಘೋಷಣೆ ಹೊರಬಂತು. ಅದು ಹೇಳಿದ್ದು ಇಷ್ಟು. ಸಂಶೋಧನಾ ಲೇಖನಗಳು ಇಂಟರ್‌ನೆಟ್‌ನಲ್ಲಿ ಎಲ್ಲರಿಗೂ ಉಚಿತವಾಗಿ ಸಿಗಬೇಕು. ಓದುವುದಕ್ಕೆ, ಇಳಿಸಿಕೊಳ್ಳುವುದಕ್ಕೆ, ಹಂಚುವುದಕ್ಕೆ ಅಡ್ಡಿ ಇರಬಾರದು. ಬರೆದವರ ಹೆಸರು ಹೇಳಬೇಕು, ಅಷ್ಟೇ. ಓಪನ್ ಆಕ್ಸೆಸ್ ಎಂಬ ಮಾತು ಜಗತ್ತಿನಲ್ಲೆಲ್ಲ ಹರಡಿದ್ದು ಇಲ್ಲಿಂದ. ನಾವು ಮುಕ್ತ ಪ್ರವೇಶ ಎನ್ನುತ್ತೇವೆ.

ಅದಕ್ಕೆ ಎರಡು ದಾರಿ ಹೇಳಿದರು. ಒಂದು, ಲೇಖಕರು ತಮ್ಮ ಲೇಖನದ ಪ್ರತಿಯನ್ನು ತಮ್ಮ ಸಂಸ್ಥೆಯ ಡಿಜಿಟಲ್ ಭಂಡಾರದಲ್ಲಿ ಇಡುವುದು. ಇನ್ನೊಂದು, ಜರ್ನಲನ್ನೇ ಉಚಿತವಾಗಿ ನಡೆಸುವುದು. ಮೊದಲ ದಾರಿಗೆ ದುಡ್ಡು ಕಡಿಮೆ ಸಾಕು, ಜನ ಬೇಕು. ಭಂಡಾರ ಕಟ್ಟುವವರು, ಲೇಖನ ಕೇಳಿ ತರಿಸುವವರು, ಅದಕ್ಕೆ ಸರಿಯಾದ ವಿವರ ಹಾಕಿ ಹುಡುಕಿದಾಗ ಸಿಗುವಂತೆ ಮಾಡುವವರು. ಇದು ಲೈಬ್ರರಿಯವರ ಕೆಲಸ. ಭಂಡಾರ ಎಂಬ ಮಾತು ಸುಮ್ನೆ ಬಂದಿಲ್ಲ.

ಬಡ ದೇಶಗಳ ಲೈಬ್ರರಿಗಳಿಗೆ ನೆರವು ಅದಕ್ಕೂ ಮೊದಲೇ ಶುರುವಾಗಿತ್ತು. ಬ್ರಿಟನ್‌ನಲ್ಲಿ 1992ರಲ್ಲಿ ಹುಟ್ಟಿದ ಇನಾಸ್ಪ್ ಸಂಸ್ಥೆ ಆಫ್ರಿಕಾ, ಏಷ್ಯಾದ ಲೈಬ್ರರಿಯನ್‌ಗಳಿಗೆ ತರಬೇತಿ ಕೊಡುತ್ತ ಬಂತು. 1998ರಲ್ಲಿ ಆಫ್ರಿಕಾದ ಜರ್ನಲ್‌ಗಳನ್ನೇ ಒಂದು ಕಡೆ ಆನ್‌ಲೈನ್‌ಗೆ ತಂದಿತು. ಅದೇ ಹೊತ್ತಿಗೆ ಬ್ರೆಜಿಲ್‌ನಲ್ಲಿ ಸೈಲೋ ಎಂಬ ಆನ್‌ಲೈನ್ ಜರ್ನಲ್ ಜಾಲ ಶುರುವಾಯಿತು. ಅಲ್ಲಿ ಜರ್ನಲ್‌ಗಳು ಜನರ ದುಡ್ಡಿನಲ್ಲಿ ನಡೆಯುತ್ತವೆ, ಓದುವವರು ಏನೂ ಕೊಡಬೇಕಿಲ್ಲ. ಬಯೋಲೈನ್ ಎಂಬ ಸಂಸ್ಥೆ 1993ರಿಂದ ಬಡ ದೇಶಗಳ ಜರ್ನಲ್‌ಗಳನ್ನು ಆನ್‌ಲೈನ್‌ನಲ್ಲಿ ಹೊರತರುತ್ತಿತ್ತು. ಅದರ ಲೆಸ್ಲಿ ಚಾನ್ ಬುಡಾಪೆಸ್ಟ್ ಘೋಷಣೆಗೆ ಮೊದಲು ಸಹಿ ಹಾಕಿದ 16 ಜನರಲ್ಲಿ ಒಬ್ಬರು. ಬಡ ದೇಶಗಳ ಕಷ್ಟ ಆ ಸಭೆಯಲ್ಲಿ ಇತ್ತು ಎನ್ನುವುದು ನನಗೆ ದೊಡ್ಡ ವಿಷಯ.

ಇಲ್ಲಿ ನಮ್ಮ ದೇಶದ ಕತೆ ಸ್ವಲ್ಪ ಬೇರೆ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದು ಸಮೀಕ್ಷೆ ಮಾಡಿತು. ತೀರಾ ಬಡ ದೇಶಗಳಲ್ಲಿ ಶೇ 56ರಷ್ಟು ವೈದ್ಯಕೀಯ ಸಂಸ್ಥೆಗಳಿಗೆ ಒಂದೂ ಅಂತರರಾಷ್ಟ್ರೀಯ ಜರ್ನಲ್ ಬರುತ್ತಿರಲಿಲ್ಲ. ಅದಕ್ಕೆ 2002ರ ಜನವರಿಯಲ್ಲಿ ಹಿನಾರಿ ಎಂಬ ಯೋಜನೆ ಶುರುವಾಯಿತು. ತಲಾ ಆದಾಯ ವರ್ಷಕ್ಕೆ 1000 ಡಾಲರ್‌ಗಿಂತ ಕಡಿಮೆ ಇರುವ ದೇಶಗಳಿಗೆ ವೈದ್ಯಕೀಯ ಜರ್ನಲ್‌ಗಳು ಉಚಿತ. ಭಾರತದ ತಲಾ ಆದಾಯ ಆಗ ಅದರ ಅರ್ಧದಷ್ಟೂ ಇರಲಿಲ್ಲ. ಆದರೂ ನಮ್ಮನ್ನು ಸೇರಿಸಲಿಲ್ಲ. ಪ್ರಕಾಶಕರಿಗೆ ಭಾರತದಲ್ಲಿ ಆಗಲೇ ಚಂದಾದಾರರಿದ್ದರು, ಆ ವ್ಯಾಪಾರ ಬಿಡಲು ಅವರು ತಯಾರಿರಲಿಲ್ಲ. ದೆಹಲಿ, ಮುಂಬೈ, ಬೆಂಗಳೂರಿನ ದೊಡ್ಡ ಸಂಸ್ಥೆಗಳು ಕೊಳ್ಳುತ್ತವೆ ಎಂದ ಮೇಲೆ ಕಲಬುರಗಿ, ಬೀದರ್‌ನ ಕಾಲೇಜುಗಳೂ ಕೊಂಡುಕೊಳ್ಳಲಿ ಎಂಬ ಲೆಕ್ಕ ಅದು. 1963ರಲ್ಲಿ ಹುಟ್ಟಿದ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು ಕಲಬುರಗಿಯಲ್ಲೇ ಇದೆ. ಆಫ್ರಿಕಾದ ಬಡ ದೇಶದ ವೈದ್ಯಕೀಯ ವಿದ್ಯಾರ್ಥಿಗೆ ಸಿಕ್ಕ ಆ ಬಾಗಿಲು ಇಲ್ಲಿನವರಿಗೆ ಸಿಗಲಿಲ್ಲ. ಆಫ್ರಿಕಾದವರಿಗೆ ಸಿಕ್ಕದ್ದು ಒಳ್ಳೆಯದೇ. ಆದರೆ ದೇಶದ ಹೆಸರು ದೊಡ್ಡದಾದರೆ ಅದರೊಳಗಿನ ಹಿಂದುಳಿದ ಜಿಲ್ಲೆ ಕಾಣುವುದಿಲ್ಲ. 2012ರಲ್ಲಿ ಸಂವಿಧಾನ ತಿದ್ದಿ ವಿಶೇಷ ಸ್ಥಾನದ 371 ಜೆ ಕಲಂ ತಂದದ್ದು ಈ ಭಾಗ ಹಿಂದುಳಿದಿದೆ ಎಂದು ಒಪ್ಪಿಕೊಂಡೇ ಅಲ್ವಾ? ಜರ್ನಲ್ ಮಾರುವವರ ಪಟ್ಟಿಯಲ್ಲಿ ಅಂಥ ಕಲಂ ಇರಲಿಲ್ಲ.

ಹಾಗಾಗಿ ಭಾರತ ತನ್ನ ದಾರಿ ತಾನೇ ಮಾಡಿಕೊಳ್ಳಬೇಕಾಯಿತು. ಅದು ಶುರುವಾದದ್ದು ನಮ್ಮ ರಾಜ್ಯದಲ್ಲೇ. 2002ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ತನ್ನ ವಿಜ್ಞಾನಿಗಳ ಲೇಖನಗಳಿಗೆ ಮುಕ್ತ ಭಂಡಾರ ತೆರೆಯಿತು. ದೇಶದಲ್ಲಿ ಅದೇ ಮೊದಲನೆಯದು. ಅದನ್ನು ಕಟ್ಟಿ ನಡೆಸಿದವರಲ್ಲಿ ಮುಖ್ಯರು ಫ್ರಾನ್ಸಿಸ್ ಜಯಕಾಂತ್. ಅವರು ತಮ್ಮ ಸಂಸ್ಥೆಗೆ ಕಟ್ಟಿ ಸುಮ್ಮನಾಗಲಿಲ್ಲ. ಬೇರೆ ಸಂಸ್ಥೆಗಳವರಿಗೂ ಕಲಿಸಿದರು. ಚೆನ್ನೈನ ಎಂ.ಎಸ್. ಸ್ವಾಮಿನಾಥನ್ ಸಂಶೋಧನಾ ಪ್ರತಿಷ್ಠಾನದಲ್ಲಿ 2004ರ ಮೇ ತಿಂಗಳಲ್ಲಿ ಭಂಡಾರ ಕಟ್ಟುವುದು ಹೇಗೆ ಎಂಬ ಕಾರ್ಯಾಗಾರಗಳು ನಡೆದವು. ಅದರ ಹಿಂದೆ ಇದ್ದವರು ಸುಬ್ಬಯ್ಯ ಅರುಣಾಚಲಂ. ಅವರು ವರ್ಷಗಟ್ಟಲೆ ಬಿಡದೆ ಇದನ್ನೇ ಹೇಳುತ್ತ ಬಂದವರು. ಬಡ ದೇಶಗಳಲ್ಲಿ ಮುಕ್ತ ಪ್ರಕಟಣೆಗಾಗಿ ದುಡಿದವರಿಗೆ ಬ್ರಿಟನ್‌ನ ಟ್ರಸ್ಟೊಂದು ಪ್ರಶಸ್ತಿ ಇಟ್ಟಾಗ, ಮೊಟ್ಟಮೊದಲ ಪ್ರಶಸ್ತಿ ಬಂದದ್ದು ಜಯಕಾಂತ್ ಅವರಿಗೆ. ಬೆಂಗಳೂರಿನ ಒಬ್ಬ ಲೈಬ್ರರಿ ತಜ್ಞರಿಗೆ ಇಂಥ ಗೌರವ ಸಿಕ್ಕಿತು ಎಂಬುದು ನಮ್ಮ ಪತ್ರಿಕೆಗಳ ಮೊದಲ ಪುಟದಲ್ಲಿ ಬರಬೇಕಿತ್ತು.

ಸಾಫ್ಟ್‌ವೇರ್ ಕೂಡ ಮುಕ್ತವಾಗಿಯೇ ಬಂತು. ಲೈಬ್ರರಿ ನಡೆಸುವ ಕೋಹಾ 2000ದಲ್ಲಿ ನ್ಯೂಜಿಲೆಂಡಿನ ಒಂದು ಸಣ್ಣ ಊರಿನ ಲೈಬ್ರರಿಯಲ್ಲಿ ಬಳಕೆಗೆ ಬಂದದ್ದು. ಮಾವೊರಿ ಭಾಷೆಯಲ್ಲಿ ಕೋಹಾ ಎಂದರೆ ಕೊಡುಗೆ. ನಮ್ಮ ಎಷ್ಟೋ ಕಾಲೇಜುಗಳು ಇವತ್ತು ಅದನ್ನೇ ಬಳಸುತ್ತವೆ.

ಸರ್ಕಾರದ ಕಡೆಯಿಂದ ಬಂದ, ವಿಶ್ವವಿದ್ಯಾಲಯಗಳ ಲೈಬ್ರರಿಗಳನ್ನು ಜೋಡಿಸುವ ಇನ್‌ಫ್ಲಿಬ್‌ನೆಟ್ ಕೇಂದ್ರ ಈ ಭಾಗಕ್ಕೆ ನಿಜವಾಗಿಯೂ ಉಪಕಾರ ಮಾಡಿತು. 2004ರ ಹೊತ್ತಿಗೆ ಅದು ವಿಶ್ವವಿದ್ಯಾಲಯಗಳಿಗೆಲ್ಲ ಒಟ್ಟಾಗಿ ಜರ್ನಲ್ ಕೊಡಿಸತೊಡಗಿತು. ಆಮೇಲೆ ಸಾಮಾನ್ಯ ಪದವಿ ಕಾಲೇಜುಗಳಿಗಾಗಿ ಎನ್-ಲಿಸ್ಟ್ ಬಂತು. ವರ್ಷಕ್ಕೆ ಕೆಲವೇ ಸಾವಿರ ರೂಪಾಯಿ ಕಟ್ಟಿದರೆ ಆರು ಸಾವಿರ ಜರ್ನಲ್ ಮತ್ತು ಲಕ್ಷಗಟ್ಟಲೆ ಇ-ಪುಸ್ತಕ. ಪಿಎಚ್‌ಡಿ ಪ್ರಬಂಧದ ಡಿಜಿಟಲ್ ಪ್ರತಿ ಕೊಡಲೇಬೇಕು ಎಂದು ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, 2009ರಲ್ಲಿ ನಿಯಮ ಮಾಡಿತು. ಅವೆಲ್ಲ ಶೋಧಗಂಗಾ ಎಂಬ ಮುಕ್ತ ಪ್ರಬಂಧ ಭಂಡಾರಕ್ಕೆ ಸೇರಿದವು. ಗುಲಬರ್ಗಾ ವಿಶ್ವವಿದ್ಯಾಲಯದ ಪ್ರಬಂಧಗಳೂ ಅಲ್ಲಿವೆ. ಮೊದಲು ಅವು ಕ್ಯಾಂಪಸ್ಸಿನ ಕಪಾಟಿನಲ್ಲಿ ಕೂತಿರುತ್ತಿದ್ದವು. ಈಗ ಶಹಾಪುರದಲ್ಲಿ ಕೂತು ಮೊಬೈಲಿನಲ್ಲೇ ಓದಬಹುದು.

ಆದರೆ ಎನ್-ಲಿಸ್ಟ್‌ನಲ್ಲಿ ಒಂದು ಗಂಟು ಇದೆ. ಪ್ರತಿ ವಿದ್ಯಾರ್ಥಿಗೂ ಬೇರೆ ಐಡಿ, ಬೇರೆ ಪಾಸ್‌ವರ್ಡ್. ಅವುಗಳನ್ನು ಮಾಡಿಕೊಡಬೇಕಾದವರು ಕಾಲೇಜಿನವರು, ಹೆಚ್ಚಾಗಿ ಲೈಬ್ರರಿಯನ್. ಲೈಬ್ರರಿಯನ್ ಇಲ್ಲದ ಕಡೆ, ಇದ್ದರೂ ಇದರ ತರಬೇತಿ ಸಿಗದ ಕಡೆ, ಚಂದಾ ಕಟ್ಟಿಯೂ ಯಾರೂ ಒಳಗೆ ಹೋಗಿರುವುದಿಲ್ಲ. ನಾನು ಕಂಡ ಒಂದು ಕಾಲೇಜಿನಲ್ಲಿ ವಿದ್ಯಾರ್ಥಿಗಳಿಗೆ ಹಾಗೊಂದು ಸೌಲಭ್ಯ ಇದೆ ಎಂಬುದೇ ತಿಳಿದಿರಲಿಲ್ಲ. ತಪಾಸಣೆಗೆ ಬರುವವರಿಗೆ ತೋರಿಸಲು ರಸೀದಿ ಮಾತ್ರ ಫೈಲಿನಲ್ಲಿತ್ತು.

ಇನ್ನೊಂದು ಕಡೆ ಮುಕ್ತ ಪ್ರಕಟಣೆಯ ಹೆಸರಿನಲ್ಲೇ ಮೋಸ ಬೆಳೆಯಿತು. ಕೆಲವು ಮುಕ್ತ ಜರ್ನಲ್‌ಗಳು ಓದುವವರ ಬದಲು ಬರೆದವರಿಂದ ಶುಲ್ಕ ತೆಗೆದುಕೊಳ್ಳುತ್ತವೆ. ಇದನ್ನೇ ದಂಧೆ ಮಾಡಿಕೊಂಡವರು ಹುಟ್ಟಿಕೊಂಡರು. 2013ರಲ್ಲಿ ಅಮೆರಿಕದ ಪತ್ರಕರ್ತರೊಬ್ಬರು ಬೇಕಂತಲೇ ತಪ್ಪು ತುಂಬಿದ ಲೇಖನ ಬರೆದು 304 ಜರ್ನಲ್‌ಗಳಿಗೆ ಕಳಿಸಿದರು. 157 ಜರ್ನಲ್‌ಗಳು ಒಪ್ಪಿಕೊಂಡವು. ಕಳಿಸಿದ್ದ ಜರ್ನಲ್‌ಗಳಲ್ಲಿ ಮೂರನೇ ಒಂದು ಭಾಗದಷ್ಟು ಭಾರತದವೇ. ಪಿಎಚ್‌ಡಿಗೆ ಲೇಖನ ಪ್ರಕಟವಾಗಲೇಬೇಕು, ಬಡ್ತಿಗೆ ಅಂಕ ಬೇಕು ಎಂಬ ನಿಯಮ 2009-10ರಿಂದ ಬಂದಿತ್ತು. ಅದರ ಒತ್ತಡದಲ್ಲಿ ನಮ್ಮ ಭಾಗದ ಹುಡುಗರೂ ಎರಡು ಮೂರು ಸಾವಿರ ರೂಪಾಯಿ ಕೊಟ್ಟು ಇಂಥ ಕಡೆ ಪ್ರಕಟಿಸಿದರು. ನನಗೆ ಅವರ ಮೇಲೆ ಸಿಟ್ಟಿಲ್ಲ. ಯಾವುದು ಸಾಚಾ, ಯಾವುದು ಖೋಟಾ ಎಂದು ಹೇಳಿಕೊಡುವವರು ಅವರಿಗೆ ಸಿಗಲಿಲ್ಲ. 2003ರಿಂದ ಒಳ್ಳೆಯ ಮುಕ್ತ ಜರ್ನಲ್‌ಗಳ ಪಟ್ಟಿ ಡಿಒಎಜೆ ಎಂಬ ಹೆಸರಿನಲ್ಲಿ ಉಚಿತವಾಗಿ ಇದೆ. ಅದನ್ನು ತೆರೆದು ತೋರಿಸಲು ಐದು ನಿಮಿಷ ಸಾಕು.

ಈಗ 2025ರ ಜನವರಿ 1ರಿಂದ ಒಂದು ದೇಶ ಒಂದು ಚಂದಾ ಯೋಜನೆ ಜಾರಿಗೆ ಬಂದಿದೆ. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ಜರ್ನಲ್‌ಗಳು. ಸರ್ಕಾರಿ ವಿಶ್ವವಿದ್ಯಾಲಯ, ಸರ್ಕಾರಿ ಕಾಲೇಜು, ಸಂಶೋಧನಾ ಸಂಸ್ಥೆಗಳಿಗೆ ಸಿಗುತ್ತದೆ. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯಕ್ಕೂ ಸಣ್ಣ ತಾಲ್ಲೂಕಿನ ಸರ್ಕಾರಿ ಕಾಲೇಜಿಗೂ ಒಂದೇ ಜರ್ನಲ್ ಎನ್ನುವುದು ದೊಡ್ಡ ಮಾತು, ನಾನು ಅದನ್ನು ಸಣ್ಣದು ಮಾಡುವುದಿಲ್ಲ. ಆದರೆ ಇದು ಮುಕ್ತ ಪ್ರವೇಶ ಅಲ್ಲ, ಬಾಡಿಗೆ. ಹಣ ಮಂಜೂರಾಗಿರುವುದು 2027ರ ತನಕ. ಖಾಸಗಿ ಕಾಲೇಜಿನವರು ಹೊರಗಿದ್ದಾರೆ. ಜಿಲ್ಲಾ ಕೇಂದ್ರ ಗ್ರಂಥಾಲಯಕ್ಕೆ ಬಂದು ಓದುವವರೂ ಹೊರಗಿದ್ದಾರೆ. ಆ ದುಡ್ಡಿನಲ್ಲಿ ಒಂದು ಪಾಲನ್ನು ನಮ್ಮದೇ ಮುಕ್ತ ಜರ್ನಲ್‌ಗಳಿಗೆ, ಭಂಡಾರಗಳಿಗೆ, ಲೈಬ್ರರಿಯನ್ ತರಬೇತಿಗೆ ಇಡಬೇಕಿತ್ತು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಸಾರ್ವಜನಿಕ ಗ್ರಂಥಾಲಯ ಎಂಬುದು ಈ ಭಾಗಕ್ಕೆ ಹೊಸದೇನಲ್ಲ. ಬೀದರ್‌ನಲ್ಲಿ ಮಹಮೂದ್ ಗಾವಾನ್ ಮದರಸಾ ಕಟ್ಟಿದ್ದು 1472ರಲ್ಲಿ. ಅದರ ಗ್ರಂಥಾಲಯದಲ್ಲಿ ಮೂರು ಸಾವಿರ ಹಸ್ತಪ್ರತಿ ಇದ್ದವು ಎನ್ನುತ್ತಾರೆ. ಕರ್ನಾಟಕದ ಗ್ರಂಥಾಲಯ ಕಾಯ್ದೆ ಆದದ್ದು 1965ರಲ್ಲಿ. ಕಲಬುರಗಿ, ಬೀದರ್ ಸೇರಿದ್ದ ಹೈದರಾಬಾದ್ ರಾಜ್ಯ ಹತ್ತು ವರ್ಷ ಮೊದಲೇ, 1955ರಲ್ಲಿ, ತನ್ನ ಕಾಯ್ದೆ ಮಾಡಿತ್ತು. ಈಗ ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಅರಿವು ಕೇಂದ್ರಗಳಾಗಿವೆ. ಕೆಲವು ಕಡೆ ಕಂಪ್ಯೂಟರ್ ಬಂದಿದೆ, ಇಂಟರ್‌ನೆಟ್ ಬಂದಿದೆ. ಅವುಗಳನ್ನು ನಡೆಸುವವರು ಮೇಲ್ವಿಚಾರಕರು. ಅವರಿಗೆ ಕೊಡುವ ತರಬೇತಿಯಲ್ಲಿ ಶೋಧಗಂಗಾ, ಕೃಷಿ ಪ್ರಬಂಧಗಳಿರುವ ಕೃಷಿಕೋಶ, ಡಿಒಎಜೆ ತೆರೆಯುವುದನ್ನೂ ಸೇರಿಸಬೇಕು. ಇವಕ್ಕೆ ಯಾರ ಚಂದಾವೂ ಬೇಡ.

ಆಳಂದ ಕಡೆಯ ಆ ಹುಡುಗಿಯ ಕತೆ ಹೇಳುವುದು ಬಾಕಿ ಇದೆ. ಅವಳನ್ನು ನಾನು ಇನ್ನೊಂದು ಕಾಲೇಜಿನ ಲೈಬ್ರರಿಯನ್ ಹತ್ತಿರ ಕಳಿಸಿದೆ. ಅವರು ಲೇಖನದ ಹೆಸರು ನೋಡಿದರು, ಬರೆದವರ ಹೆಸರು ನೋಡಿದರು. ಇವರು ಪಟಾನ್‌ಚೆರುವಿನ ಇಕ್ರಿಸ್ಯಾಟ್‌ನವರಲ್ಲವಾ ಎಂದರು. ತೊಗರಿಯ ಮೇಲೆ ದಶಕಗಳಿಂದ ಕೆಲಸ ಮಾಡುತ್ತಿರುವ, ನಮ್ಮ ರೈತರು ನೆಚ್ಚಿಕೊಂಡಿದ್ದ ಮಾರುತಿ ತಳಿಯನ್ನು ಆರಿಸಿಕೊಟ್ಟ ಸಂಸ್ಥೆ ಅದು. ತನ್ನ ವಿಜ್ಞಾನಿಗಳ ಲೇಖನಗಳನ್ನು ಮುಕ್ತವಾಗಿ ಇಡಬೇಕೆಂದು ಅದು 2009ರಲ್ಲೇ ನಿಯಮ ಮಾಡಿಕೊಂಡಿದೆ. ಲೈಬ್ರರಿಯನ್ ಅದರ ಭಂಡಾರ ತೆರೆದರು. 39 ಡಾಲರ್ ಕೇಳಿದ್ದ ಅದೇ ಲೇಖನದ ಲೇಖಕರ ಪ್ರತಿ ಅಲ್ಲಿ ಉಚಿತವಾಗಿ ಇತ್ತು. ಹತ್ತು ನಿಮಿಷವೂ ಆಗಲಿಲ್ಲ. ಅವರು ಅಲ್ಲಿಗೇ ಬಿಡದೆ, ಕಲಬುರಗಿ ಕೃಷಿ ಸಂಶೋಧನಾ ಕೇಂದ್ರದ ಟಿಎಸ್-3ಆರ್ ಎಂಬ ತೊಗರಿ ತಳಿಯ ಬಗ್ಗೆ ಬಂದ ಎರಡು ಲೇಖನಗಳನ್ನೂ ಇಳಿಸಿ, ಪೆನ್‌ಡ್ರೈವ್‌ಗೆ ಹಾಕಿ ಕೊಟ್ಟರು.