ಮೂರು ಹಂತದ ಸಿಎಂಎಲ್ ಎರಡಕ್ಕೆ ಇಳಿದದ್ದು ಹೇಗೆ?

ಸಿಎಂಎಲ್ ಎಂಬ ರಕ್ತದ ಕ್ಯಾನ್ಸರ್‌ಗೆ ಪಠ್ಯಪುಸ್ತಕಗಳು ಬಹುಕಾಲ ಮೂರು ಹಂತ ಹೇಳಿದವು: ನಿಧಾನದ ಕ್ರಾನಿಕ್, ವೇಗ ಹಿಡಿಯುವ ಆಕ್ಸಿಲರೇಟೆಡ್, ಕೊನೆಗೆ ಬ್ಲಾಸ್ಟ್. ಬಲಿಯದ ಬ್ಲಾಸ್ಟ್ ಕೋಶಗಳು ಶೇ 10 ಮುಟ್ಟಿದರೆ ಎರಡನೆಯದು, ಶೇ 20 ಆದರೆ ಮೂರನೆಯದು. ಇದೆಲ್ಲ ಸೂಕ್ಷ್ಮದರ್ಶಕದಡಿ ಎಣಿಸಿ ಎಳೆದ ಗೆರೆ.

ಮೂಲ ದೋಷ ಸಿಕ್ಕಿದ್ದು 1960ರಲ್ಲಿ. ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫೋರ್ಡ್ ರೋಗಿಗಳ ಕೋಶಗಳಲ್ಲಿ ಮೊಟಕಾದ ಒಂದು ಕ್ರೋಮೋಸೋಮ್ ಕಂಡರು. 9 ಮತ್ತು 22ನೇ ಕ್ರೋಮೋಸೋಮ್‌ಗಳ ತುಣುಕುಗಳು ಅದಲುಬದಲಾಗಿವೆ ಎಂದು 1973ರಲ್ಲಿ ತೋರಿಸಿದವರು ಜಾನೆಟ್ ರೌಲಿ. ಆ ಬೆಸುಗೆಯಲ್ಲಿ ಹುಟ್ಟುವ ಬಿಸಿಆರ್-ಎಬಿಎಲ್ ಜೀನ್ ಕ್ರಾನಿಕ್ ಹಂತದಲ್ಲೇ ಇರುತ್ತದೆ. ಹಾಗಾದರೆ ವರ್ಷಗಟ್ಟಲೆ ತಣ್ಣಗಿದ್ದ ಕಾಯಿಲೆ ಕೆರಳುವುದೇಕೆ?

2006ರಲ್ಲಿ ಸಿಯಾಟಲ್‌ನ ಜೆರಾಲ್ಡ್ ರಾಡಿಚ್ ತಂಡ 91 ರೋಗಿಗಳ ಮಾದರಿಗಳನ್ನು ಮೈಕ್ರೋಅರೇಗೆ ಹಾಕಿತು. ಕೋಶದ ಆರ್‌ಎನ್‌ಎ ತೆಗೆದು, ಅದರ ಪ್ರತಿಗೆ ಹೊಳೆಯುವ ಬಣ್ಣ ಹಚ್ಚಿ, ಸಾವಿರಾರು ಜೀನ್‌ಗಳ ಚುಕ್ಕೆಗಳಿರುವ ಪಟ್ಟಿಯ ಮೇಲೆ ಹರಿಸುತ್ತಾರೆ. ಚುಕ್ಕೆ ಹೊಳೆದಷ್ಟೂ ಜೀನ್ ಚುರುಕು. ಎಡವುವ ಜಾಗ ಒಂದಿದೆ. ಬ್ಲಾಸ್ಟ್‌ಗಳು ಹೆಚ್ಚಿದಾಗ ಎಳೆಯ ಕೋಶಗಳ ಸಹಜ ಜೀನ್‌ಗಳೂ ಜೋರಾಗಿ ಕಾಣುತ್ತವೆ. ಅದನ್ನೇ ಉಗ್ರತೆ ಎಂದುಕೊಂಡರೆ ಲೆಕ್ಕ ತಪ್ಪಿತು. ಅದಕ್ಕೇ ಆರೋಗ್ಯವಂತರ ಸಿಡಿ34 ಎಂಬ ಗುರುತುಳ್ಳ ಎಳೆಯ ಕೋಶಗಳ ಜೊತೆಗೂ ಹೋಲಿಸಬೇಕು.

ಹಂತದಿಂದ ಹಂತಕ್ಕೆ ಬದಲಾದ ಜೀನ್‌ಗಳು ಸುಮಾರು 3,000. ಬೀಟಾ-ಕೆಟೆನಿನ್ ಎಂಬ ಪ್ರೋಟೀನಿನ ಜಾಲ ಚುರುಕಾಗಿತ್ತು, ಪ್ರೇಮ್ ಎಂಬ ಜೀನ್ ಏರಿತ್ತು, ಜುನ್-ಬಿ ಮತ್ತು ಫಾಸ್ ಜೀನ್‌ಗಳು ಇಳಿದಿದ್ದವು. ಬೀಟಾ-ಕೆಟೆನಿನ್ ನ್ಯೂಕ್ಲಿಯಸ್ ಸೇರಿದರೆ, ಬಲಿತು ಮುಗಿಯಬೇಕಿದ್ದ ಕೋಶ ತನ್ನನ್ನೇ ಮತ್ತೆ ಮತ್ತೆ ಹುಟ್ಟಿಸಿಕೊಳ್ಳತೊಡಗುತ್ತದೆ. ಅದಕ್ಕಿಂತ ದೊಡ್ಡ ಸಂಗತಿ ಇನ್ನೊಂದು: ಆಕ್ಸಿಲರೇಟೆಡ್ ಮತ್ತು ಬ್ಲಾಸ್ಟ್ ಮಾದರಿಗಳು ಹೆಚ್ಚುಕಡಿಮೆ ಒಂದೇ ಥರ ಇದ್ದವು. ದೊಡ್ಡ ಜಿಗಿತ ಕ್ರಾನಿಕ್ ಬಿಟ್ಟು ಹೊರಡುವಾಗಲೇ ಆಗಿಹೋಗಿತ್ತು. ಬಿಸಿಆರ್-ಎಬಿಎಲ್ ಅನ್ನು ತಡೆಯುವ ಇಮಾಟಿನಿಬ್ ಮಾತ್ರೆಗೆ ಮೊದಲು ಬಗ್ಗಿ ಆಮೇಲೆ ಮರುಕಳಿಸಿದವರ ಜೀನ್ ಚಿತ್ರವೂ ಮುಂದುವರಿದ ರೋಗವನ್ನೇ ಹೋಲುತ್ತಿತ್ತು.

ಮೈಕ್ರೋಅರೇ ಕಾಣದ್ದೂ ಇದೆ. ಕೋಶ ಬಲಿಯಲು ಬೇಕಾದ ಸಿಇಬಿಪಿ-ಆಲ್ಫಾ ಎಂಬ ಜೀನ್‌ನ ಆರ್‌ಎನ್‌ಎ ಇದ್ದರೂ, ಅದು ಪ್ರೋಟೀನ್ ಆಗದಂತೆ ಬೇರೊಂದು ಪ್ರೋಟೀನ್ ತಡೆಯುತ್ತದೆ. ಆರ್‌ಎನ್‌ಎ ಮಾತ್ರ ಅಳೆದವರಿಗೆ ಎಲ್ಲ ಸರಿಯಿದ್ದಂತೆಯೇ ತೋರುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣ 2022ರಲ್ಲಿ ಆಕ್ಸಿಲರೇಟೆಡ್ ಹಂತವನ್ನು ಕೈಬಿಟ್ಟಿತು. ಅದೇ ವರ್ಷದ ಇನ್ನೊಂದು ಅಂತರರಾಷ್ಟ್ರೀಯ ವರ್ಗೀಕರಣ ಉಳಿಸಿಕೊಂಡಿತು. ಆಸ್ಪತ್ರೆಯಲ್ಲಿ ಈಗಲೂ ನೋಡುವುದು ಬಿಸಿಆರ್-ಎಬಿಎಲ್ ಪ್ರಮಾಣ: ಚಿಕಿತ್ಸೆ ಶುರುವಾಗಿ 3 ತಿಂಗಳಿಗೆ ಶೇ 10, ವರ್ಷಕ್ಕೆ ಶೇ 0.1ರೊಳಗೆ ಇಳಿಯಬೇಕು. ಆ ಸಂಖ್ಯೆ ಹೇಳುವುದು ರೋಗ ಎಷ್ಟಿದೆ ಎಂದು, ಎಂಥದ್ದು ಎಂದಲ್ಲ.